ಅಕ್ಕನ ಪಾಲಿನ ದೋಣಿ

ಅಕ್ಟೋಬರ್ ೯

ತಂಗೀ,

ಇಲ್ಲಿ ನಾವು ಮೂವರೂ ಗಟ್ಟಿಮುಟ್ಟಾಗಿದ್ದೇವೆ. ನಿನಗೂ ನೆಗಡಿಗಿಗಡಿ ಇಲ್ಲ ಅಂದುಕೊಂಡು ನೇರವಾಗಿ ವಿಷಯಕ್ಕೆ ಬರುತ್ತೇನೆ. ಫೋನು ಮಾಡಬಹುದಿತ್ತು. ಆದರೆ ಅಮ್ಮ ತೀರಿಕೊಂಡ ಮೇಲೆ ಅವಳ ಬೀರುವಿನ ಸಾಮಾನು ಹಂಚಿಕೊಳ್ಳುವಾಗ ನಾವಿಬ್ಬರೂ ಫೋನಿನಲ್ಲಿ ಆಡಿದ ಮಾತು ಇನ್ನೂ ಕಿವಿಯಲ್ಲಿದೆ. ಕಾಗದವಾದರೆ ನೀನು ನಡುವೆ ಬಾಯಿ ಹಾಕಲಾರೆ, ನಾನು ಫೋನು ಕುಕ್ಕಲಾರೆ.

ಇದರ ಜೊತೆ ಒಂದು ರಟ್ಟಿನ ಪೆಟ್ಟಿಗೆ ಬಂದಿರಬೇಕು. ನಾನು ಚಿಕ್ಕವಳಿದ್ದಾಗ ಅಜ್ಜ ಅಜ್ಜಿ ಒಂದು ಕ್ರಿಸ್‌ಮಸ್‌ಗೆ ನನಗೆ ಮಾಡಿಕೊಟ್ಟ ದೋಣಿ, ಅದರೊಳಗಿನ ಮರದ ಪ್ರಾಣಿಗಳು. ದೋಣಿಯ ತಳ ಬಿಟ್ಟುಕೊಂಡಿದೆ. ಒಂದು ಜಿರಾಫೆಯ ಕತ್ತು ಮುರಿದಿದೆ, ಕತ್ತೆಗಳಿಗೆ ಕಿವಿಯಿಲ್ಲ, ಒಂಟೆಗಳು ಕುಂಟುತ್ತಿವೆ. ಸಿಂಹದ ಮುಖದ ಬಣ್ಣ ಉದುರಿ ಯಾವುದೋ ಬೋಳು ಮುದುಕನ ಹಾಗೆ ಕಾಣುತ್ತದೆ. ನಮ್ಮ ಮಗಳು ಬಟಾಣಿಗೆ ಮೊನ್ನೆ ಏಳು ತುಂಬಿತು. ನನಗೂ ಅದು ಸಿಕ್ಕಿದ್ದು ಅದೇ ವಯಸ್ಸಿನಲ್ಲಿ. ಈ ಕ್ರಿಸ್‌ಮಸ್‌ಗೆ ‘ನಿನ್ನ ಮುತ್ತಜ್ಜ ಮುತ್ತಜ್ಜಿ ಮಾಡಿದ್ದು’ ಅಂತ ಹೇಳಿ ಅವಳ ಕೈಗಿಡಬೇಕೆಂದು ನನ್ನ ಆಸೆ.

ನಿನ್ನ ಭಾವ ‘ನಾನೇ ರಿಪೇರಿ ಮಾಡ್ತೀನಿ ಬಿಡು’ ಅಂತ ಅಂಟಿನ ಡಬ್ಬಿ ಹಿಡಿದು ಕೂತರು. ಸ್ವಲ್ಪ ಹೊತ್ತಿಗೆ ಹಂದಿ ಅವರ ಅಂಗಿಗೆ ಅಂಟಿಕೊಂಡಿತ್ತು. ಹಲ್ಲಿನ ಸೆಟ್ಟು ಮಾಡಿ ಮಾಡಿ ನಿನ್ನ ಕೈ ಪಳಗಿದೆ. ಊರವರ ಬಾಯಿಗೆಲ್ಲ ಹಲ್ಲು ಕೂರಿಸುವವಳಿಗೆ ಕತ್ತೆಗೆರಡು ಕಿವಿ ಕೂರಿಸುವುದು ಯಾವ ಲೆಕ್ಕ?

ಡ್ರೈವಿಂಗ್ ಶಾಲೆಗೆ ಹೊತ್ತಾಯಿತು. ಇವತ್ತು ಕಲಿಯಲು ಬರುವ ಪುಣ್ಯಾತ್ಮ ನಿನ್ನೆ ‘ಬ್ರೇಕು, ಬ್ರೇಕು’ ಎಂದು ನಾನು ಕೂಗಿದರೆ ಸ್ಟಿಯರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಂಡ. ಬದುಕಿದ್ದರೆ ಮತ್ತೆ ಬರೆಯುತ್ತೇನೆ.

ನಿನ್ನ ಅಕ್ಕ


ಅಕ್ಟೋಬರ್ ೨೧

ಅಕ್ಕಾ,

ಪೆಟ್ಟಿಗೆ ಬಂತು. ಹಲ್ಲಿನ ಲ್ಯಾಬಿನ ವಿಳಾಸಕ್ಕೆ ಕಳಿಸಿದ್ದೀಯ, ಹಾಗಾಗಿ ಎಲ್ಲರ ಮುಂದೆಯೇ ಬಿಚ್ಚಬೇಕಾಯಿತು. ನಮ್ಮ ಡಾಕ್ಟರು ಆನೆಯನ್ನು ಬೆಳಕಿಗೆ ಹಿಡಿದು, “ಇದ್ಯಾವ ಪೇಷೆಂಟಮ್ಮ?” ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಿನ್ನ ಹತ್ತಿರ ಮುಚ್ಚಿಟ್ಟು ಏನು ಮಾಡಲಿ, ಮುಚ್ಚಳ ತೆಗೆದ ಕೂಡಲೇ ನನಗೆ ಹೊಟ್ಟೆ ಉರಿಯಿತು. ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡ ಮೇಲೂ ಕಿವಿಯಿಲ್ಲದ ಮರದ ಕತ್ತೆ ನೋಡಿ ಹೊಟ್ಟೆ ಉರಿಯುತ್ತದಲ್ಲ ಅಂತ ನನಗೇ ಆಶ್ಚರ್ಯವಾಯಿತು.

ಅಜ್ಜನ ಮನೆಯ ಕ್ರಮ ನಿನಗೆ ನೆನಪಿದೆಯೋ ಇಲ್ಲವೋ. ಒಂದು ಕ್ರಿಸ್‌ಮಸ್‌ಗೆ ಒಬ್ಬ ಮೊಮ್ಮಗಳಿಗೆ ಮಾತ್ರ ದೊಡ್ಡ ಉಡುಗೊರೆ. ಇನ್ನೊಬ್ಬಳಿಗೆ ಅಜ್ಜಿ ಹೆಣೆದ ಕಾಲುಚೀಲ. ಮುಂದಿನ ವರ್ಷ ಸರದಿ ಬದಲು. ಅಜ್ಜ ಶವಪೆಟ್ಟಿಗೆ ಮಾಡಿ ಉಳಿದ ಹಲಗೆಯ ತುಂಡುಗಳನ್ನು ವರ್ಷವಿಡೀ ಕೂಡಿಹಾಕುತ್ತಿದ್ದ. ಪೆಟ್ಟಿಗೆಯೊಳಗೆ ಹಾಸುವ ಬಿಳಿ ಬಟ್ಟೆಯ ಚೂರುಗಳನ್ನು ಅಜ್ಜಿ ಕೂಡಿಹಾಕುತ್ತಿದ್ದಳು. ನಿನ್ನ ದೋಣಿ ಹುಟ್ಟಿದ್ದು ಅದರಿಂದ. ಹಾಯಿ ಯಾವ ಬಟ್ಟೆಯದು ಅಂತ ಅಮ್ಮ ನಿನಗೆ ಎಷ್ಟೋ ವರ್ಷ ಹೇಳಿರಲಿಲ್ಲ. ನಾನೇ ಒಂದು ದಿನ ಬೇಕೆಂದೇ ಹೇಳಿದೆ, ನೀನು ಹೆದರಿ ಎರಡು ದಿನ ಊಟ ಬಿಟ್ಟೆ.

ಮರುವರ್ಷ ನನ್ನ ಸರದಿ. “ನಿಂಗೇನು ಬೇಕು ಮರೀ?” ಅಂತ ಅಜ್ಜ ಮೊದಲೇ ಕೇಳಿದ್ದ. “ಅಕ್ಕಂಗೆ ಕೊಟ್ಟಿದ್ದಕ್ಕಿಂತ ದೊಡ್ಡದು” ಅಂದಿದ್ದೆ. ಆ ವರ್ಷ ಊರಿಗೆಲ್ಲ ಜ್ವರ ಬಂತು. ಬೀದಿಗೊಬ್ಬರಂತೆ ಹೋದರು. ಅಜ್ಜನ ಅಂಗಡಿಯಲ್ಲಿ ಪೆಟ್ಟಿಗೆಗಳು ಬಾಗಿಲಿನವರೆಗೂ ನಿಂತಿದ್ದವು. ಅಜ್ಜಿ ಹೊಲಿಗೆ ಯಂತ್ರ ಬಿಟ್ಟು ಏಳಲಿಲ್ಲ. ಹಲಗೆಯ ಒಂದು ಚೂರೂ ಉಳಿಯಲಿಲ್ಲ. ಕ್ರಿಸ್‌ಮಸ್ ಬೆಳಿಗ್ಗೆ ನನ್ನ ಕೈಗೆ ಬಂದದ್ದು ಅಂಗಡಿಯಿಂದ ತಂದ ಒಂದು ಛತ್ರಿ. ನನಗೆ ಸತ್ತವರ ಮೇಲೆಲ್ಲ ಸಿಟ್ಟು ಬಂತು. ಸಾಯುವುದಕ್ಕೆ ಇವರಿಗೆಲ್ಲ ನನ್ನ ಸರದಿಯ ವರ್ಷವೇ ಬೇಕಿತ್ತಾ ಅಂತ ಹಿತ್ತಲಲ್ಲಿ ಕೂತು ಅತ್ತೆ. ಮಾರನೆಯ ವರ್ಷ ಅಜ್ಜನೇ ಹೋದ.

ಇಷ್ಟಕ್ಕೂ ನೀನು ಅದರಲ್ಲಿ ಆಡಿದವಳೇ ಅಲ್ಲ. ಬೀರುವಿನ ಮೇಲಿಟ್ಟು ಬಂದವರಿಗೆಲ್ಲ ತೋರಿಸಿದೆ. ನಾನು ಕುರ್ಚಿ ಹಾಕಿಕೊಂಡು ಹತ್ತಿದರೆ “ನೋಡು, ಮುಟ್ಬೇಡ” ಅಂತ ಮನೆ ಹಾರಿಹೋಗುವ ಹಾಗೆ ಕಿರುಚುತ್ತಿದ್ದೆ. ನಾನು ಆ ಆನೆಯನ್ನು ಮೊದಲ ಸಲ ಮುಟ್ಟಿದ್ದು ಮೊನ್ನೆ ಮಂಗಳವಾರ, ನಮ್ಮ ಡಾಕ್ಟರು ಮುಟ್ಟಿದ ಮೇಲೆ.

ಇರಲಿ. ಮಾಡಿಕೊಡುತ್ತೇನೆ. ಹಂದಿಯ ಮೈಮೇಲೆ ಭಾವನ ಅಂಗಿಯ ನೂಲು ಇನ್ನೂ ಇದೆ ಅಂತ ಅವರಿಗೆ ಹೇಳು.

ನಿನ್ನ ತಂಗಿ


ನವೆಂಬರ್ ೨೮

ತಂಗೀ,

ಛತ್ರಿಯ ಪುರಾಣ ಮತ್ತೆ ತೆಗೆದೆಯಾ? ಅದು ಒಳ್ಳೆಯ ಛತ್ರಿ. ಕಾಲೇಜಿಗೂ ಅದನ್ನೇ ಹಿಡಿದುಕೊಂಡು ಹೋಗಿದ್ದೀಯ. ನಾನು ನಿನ್ನನ್ನು ದೋಣಿ ಮುಟ್ಟಲು ಬಿಡಲಿಲ್ಲ, ಒಪ್ಪಿದೆ. ನಿನ್ನ ಕೈಗೆ ಕೊಟ್ಟರೆ ನೀನು ಅದನ್ನು ನಿನ್ನದು ಮಾಡಿಕೊಂಡುಬಿಡುತ್ತೀಯ ಅಂತ ಹೆದರಿಕೆಯಿತ್ತು. ನೀನು ಹಾಗೇ ಇದ್ದೆ.

ಕ್ರಿಸ್‌ಮಸ್‌ಗೆ ಹೆಚ್ಚು ದಿನ ಉಳಿದಿಲ್ಲ. ಬಟಾಣಿ ಮನೆಯ ಮೂಲೆಮೂಲೆ ಹುಡುಕುತ್ತಿದ್ದಾಳೆ. ಎಷ್ಟಾಗಿದೆ ಅಂತ ಒಂದು ಸಾಲು ಬರೆ.

ಅಕ್ಕ


ಡಿಸೆಂಬರ್ ೧೪

ಅಕ್ಕಾ,

ಕಳಿಸಿದ್ದೇನೆ. ಹತ್ತಿಯಲ್ಲಿ ಸುತ್ತಿದ್ದೇನೆ, ನಿಧಾನವಾಗಿ ಬಿಚ್ಚು. ದೋಣಿಯ ತಳಕ್ಕೆ ಹೊಸ ಮೊಳೆ ಹೊಡೆದಿದ್ದೇನೆ, ಹಾಯಿ ಒಗೆದಿದ್ದೇನೆ. ಜಿರಾಫೆಗೆ ಕತ್ತು ಬಂತು, ಕತ್ತೆಗೆ ಕಿವಿ ಬಂತು, ಒಂಟೆಗಳು ಈಗ ನಿನ್ನ ವಿದ್ಯಾರ್ಥಿಗಳಿಗಿಂತ ನೆಟ್ಟಗೆ ಹೋಗುತ್ತವೆ. ಕೈಗೆ ಸ್ವಲ್ಪ ಭಾರ ಅನ್ನಿಸಿದರೆ ಗಾಬರಿಯಾಗಬೇಡ. ಮತ್ತೆ ಬಣ್ಣ ಏಳಬಾರದು ಅಂತ ಮೇಲೆ ದಪ್ಪಗೆ ಮೆರುಗು ಕೊಟ್ಟಿದ್ದೇನೆ.

ಬಟಾಣಿ ಬಿಚ್ಚುವಾಗ ಹತ್ತಿರವೇ ಕೂತು ನೋಡು. ಮೊದಲು ಯಾವುದನ್ನು ಕೈಗೆತ್ತಿಕೊಂಡಳು, ಏನಂದಳು, ಎಲ್ಲ ಬರೆ. ಒಂದೂ ಬಿಡಬೇಡ.

ನಿನ್ನ ತಂಗಿ


ಡಿಸೆಂಬರ್ ೨೭

ತಂಗೀ,

ನಿನ್ನ ಕೈಗೆ ಚಿನ್ನದ ಬಳೆ ಹಾಕಬೇಕು! ಹೊಸದರ ಹಾಗೆ ಮಾಡಿಬಿಟ್ಟಿದ್ದೀಯಲ್ಲೇ.

ಮೊದಲು ಕೈಗೆತ್ತಿಕೊಂಡದ್ದು ಸಿಂಹ. ಬಾಯೊಳಗೆ ಬೆರಳಿಟ್ಟು, “ಅಮ್ಮಾ, ಇದಕ್ಕೆ ನಿಜವಾದ ಹಲ್ಲಿದೆ!” ಅಂತ ಕುಣಿದಳು. ಆಮೇಲೆ ಹಂದಿ. ಅದರ ಗುಲಾಬಿ ಬಣ್ಣಕ್ಕೆ ಕೆನ್ನೆ ಒತ್ತಿಕೊಂಡು ಹಾಗೇ ಕೂತಳು. ಕೇಕಿಗೂ ಏಳಲಿಲ್ಲ. ಅವತ್ತಿನಿಂದ ಮಲಗುವುದೂ ಕತ್ತೆಯ ಜೊತೆಗೇ. ಪಕ್ಕದ ಮನೆಯ ಮಕ್ಕಳು ಬಂದು ಸಾಲಾಗಿ ನಿಂತಿದ್ದರು. ಅವರಿಗೆಲ್ಲ “ಇದು ನಮ್ಮ ಮುತ್ತಜ್ಜ ಮಾಡಿದ್ದು, ಅವರಂಥಾ ಕೆಲಸಗಾರ ಯಾರೂ ಇಲ್ಲ” ಅಂತ ಭಾಷಣ ಬಿಗಿದಳು. ನನಗೆ ಕಣ್ಣು ತುಂಬಿತು.

ಸಿಂಹಕ್ಕೆ ಹಲ್ಲಿದ್ದದ್ದು ಮಾತ್ರ ನನಗೆ ನೆನಪೇ ಇಲ್ಲ.

ಪ್ರೀತಿಯ ಅಕ್ಕ


ಜನವರಿ ೭

ಅಕ್ಕಾ,

ಹಲ್ಲು ಇತ್ತು. ಬಣ್ಣ ಮೆತ್ತಿಕೊಂಡು ಕಾಣುತ್ತಿರಲಿಲ್ಲ, ಉಜ್ಜಿದಾಗ ಬಂತು.

ಈ ಕ್ರಿಸ್‌ಮಸ್‌ಗೆ ನಾನು ಲ್ಯಾಬಿನಲ್ಲೇ ಇದ್ದೆ. ಒಬ್ಬ ನಿವೃತ್ತ ಮೇಷ್ಟರು ಹಬ್ಬದೂಟಕ್ಕೆ ಕೂತು ಸೆಟ್ಟು ಮುರಿದುಕೊಂಡು ಬಂದಿದ್ದರು. ಅವರ ಹಲ್ಲು ಕೂರಿಸುತ್ತಾ ನಿಮ್ಮ ಮನೆಯಲ್ಲಿ ಈಗ ಏನಾಗುತ್ತಿರಬಹುದು ಅಂತ ಯೋಚಿಸುತ್ತಿದ್ದೆ. ನಿನ್ನ ಕಾಗದ ಬಂದ ಮೇಲೆ ಅದನ್ನು ಎಷ್ಟು ಸಲ ಓದಿದೆನೋ. ಹಂದಿಗೆ ಕೆನ್ನೆ ಒತ್ತಿಕೊಂಡಳು ಅಂದೆಯಲ್ಲ, ಯಾವ ಹಂದಿಗೆ? ಒಂದರ ಬಾಲ ಸುರುಳಿ, ಇನ್ನೊಂದರದು ನೇರ. ಒಂಟೆಯ ರೆಪ್ಪೆ ನೋಡಿದಳಾ? ಜಿರಾಫೆಯ ಮೈಮೇಲಿನ ಚುಕ್ಕೆ ಒಂದೊಂದೂ ಬೇರೆ ಬೇರೆ ಆಕಾರ ಅಂತ ಅವಳಿಗೆ ಗೊತ್ತಾಯಿತಾ? ಗೊತ್ತಾಗದಿದ್ದರೆ ತೋರಿಸು.

ಮತ್ತೆ, ಎಲ್ಲದಕ್ಕೂ ‘ಮುತ್ತಜ್ಜ, ಮುತ್ತಜ್ಜ’ ಅಂತಾಳಾ? ರಿಪೇರಿ ಮಾಡಿದವಳ ಹೆಸರನ್ನೂ ಆಗೊಮ್ಮೆ ಈಗೊಮ್ಮೆ ಎತ್ತಬಹುದು. ಬಣ್ಣ ಎಲ್ಲ ನನ್ನದೇ.

ನಿನ್ನ ತಂಗಿ


ಜನವರಿ ೨೨

ನಿನ್ನನ್ನು ಏನಂತ ಕರೆಯಬೇಕೋ ತಿಳಿಯುತ್ತಿಲ್ಲ.

ಭಾನುವಾರ ಬಟಾಣಿ ಸ್ನಾನದ ಮನೆಯ ದೊಡ್ಡ ಟಬ್ಬಿನಲ್ಲಿ ದೋಣಿ ತೇಲಿಬಿಟ್ಟಳು. ದೋಣಿ ತೇಲಿತು. ಪ್ರಾಣಿಗಳಿಗೂ ಸ್ನಾನ ಮಾಡಿಸುತ್ತೇನೆ ಅಂತ ಆನೆಯನ್ನು ನೀರಿಗೆ ಬಿಟ್ಟಳು. ಕಲ್ಲು ಹಾಕಿದ ಹಾಗೆ ತಳಕ್ಕೆ ಹೋಯಿತು. ಒಂಟೆ, ಕತ್ತೆ, ಜಿರಾಫೆ, ಒಂದರ ಹಿಂದೆ ಒಂದು, ಎಲ್ಲವೂ ತಳ ಸೇರಿದವು. ಮಗು “ಅಮ್ಮಾ, ಎಲ್ಲಾ ಮುಳುಗಿ ಸತ್ಹೋದ್ವು” ಅಂತ ಚೀರಿಕೊಂಡು ಓಡಿಬಂತು.

ಅಜ್ಜನ ಪ್ರಾಣಿಗಳು ತೇಲುತ್ತಿದ್ದವು. ಹಗುರ ಮರ ಅದು. ನೀನು ಹೇಳಿದ ಹಾಗೆ ನಾನು ಅವುಗಳ ಜೊತೆ ಆಡಿದ್ದು ಕಡಿಮೆಯೇ, ಆದರೆ ಒಂದು ಸಲ ಬಕೆಟ್ಟಿನಲ್ಲಿ ಬಿಟ್ಟಿದ್ದೆ. ಅಜ್ಜಿ ಬೈದು ಒರೆಸಿಟ್ಟಿದ್ದಳು. ನಾನು ಟಬ್ಬಿನ ಮುಂದೆ ಕೂತು ಒಂದೊಂದನ್ನೇ ಮೇಲೆತ್ತಿದೆ. ಸಿಂಹದ ಬಾಯಿಗೆ ಮೂಗಿಟ್ಟು ನೋಡಿದೆ. ನಿಮ್ಮ ಲ್ಯಾಬಿಗೆ ಬಂದಾಗ ಬಾಗಿಲಲ್ಲೇ ಹೊಡೆಯುವ ವಾಸನೆ.

ನನ್ನ ಪ್ರಾಣಿಗಳು ಎಲ್ಲಿ?

ಅಕ್ಕ


ಫೆಬ್ರವರಿ ೩

ಅಕ್ಕಾ,

ನನ್ನ ಕಿಟಕಿಯ ಕಟ್ಟೆಯ ಮೇಲಿವೆ.

ರಿಪೇರಿ ಮಾಡಬೇಕೆಂದೇ ಕೂತಿದ್ದೆ. ಅಜ್ಜನ ಕತ್ತೆಗೆ ಕಿವಿ ಅಂಟಿಸಿ ಒಣಗಲು ಇಟ್ಟೆ. ಮಾರನೆಯ ಬೆಳಿಗ್ಗೆ ನೋಡಿದರೆ ಅದು ನನ್ನ ಮನೆಯಲ್ಲಿ ನಿಂತಿತ್ತು. ವಾಪಸು ಕಟ್ಟಿ ಕಳಿಸಲು ಕೈ ಬರಲಿಲ್ಲ. ಇನ್ನೊಂದು ಮಾಡಿದರೆ ಹೇಗೆ ಅಂತ ಆಗ ಹೊಳೆಯಿತು. ಬಾಯಿಯ ಅಚ್ಚು ತೆಗೆಯುವ ಹಾಗೆಯೇ ಕತ್ತೆಯ ಅಚ್ಚು ತೆಗೆದೆ. ಸೆಟ್ಟಿಗೆ ಬಳಸುವ ಪುಡಿ ಕಲಸಿ, ಅಚ್ಚಿಗೆ ತುಂಬಿ, ಕುದಿನೀರಿನಲ್ಲಿ ಬೇಯಿಸಿದೆ. ಹೊರಗೆ ತೆಗೆದಾಗ ಅಜ್ಜನ ಉಳಿಯ ಗೀರು ಸಮೇತ ಬಂತು. ಆಮೇಲೆ ನಿಲ್ಲಿಸಲು ಆಗಲಿಲ್ಲ. ಕೆಲಸ ಮುಗಿದ ಮೇಲೆ ದಿನಾ ಸಂಜೆ ಅದೇ. ಹಂದಿಗಳಿಗೆ ಬಣ್ಣವನ್ನೇ ಹಚ್ಚಲಿಲ್ಲ, ವಸಡಿಗೆ ಬಳಸುವ ಗುಲಾಬಿಯೇ ಸರಿಹೋಯಿತು. ಸಿಂಹದ ಬಾಯಿ ಖಾಲಿ ಬಿಡಲು ಮನಸ್ಸಾಗಲಿಲ್ಲ, ಮಕ್ಕಳ ಅಳತೆಯ ಹಲ್ಲು ಕೂರಿಸಿದೆ. ಮುಳುಗುತ್ತವೆ ಅಂತ ನನ್ನ ತಲೆಗೇ ಬರಲಿಲ್ಲ ಕಣೇ. ನಮ್ಮ ಲ್ಯಾಬಿನಲ್ಲಿ ಸೆಟ್ಟುಗಳು ಬಟ್ಟಲಿನ ತಳದಲ್ಲೇ ಕೂತಿರುತ್ತವೆ. ದಿನಾ ನೋಡುವವಳಿಗೆ ಅದು ವಿಚಿತ್ರ ಅನ್ನಿಸುವುದಿಲ್ಲ.

ನಿನಗೆ ಮೋಸ ಮಾಡಿದೆ. ಹೌದು. ಆದರೆ ವಾಪಸು ಕೊಡುವುದಿಲ್ಲ. ನಿನಗೆ ದೋಣಿ ಸಿಕ್ಕಿತು, ಮನೆ ಸಿಕ್ಕಿತು, ಭಾವ ಸಿಕ್ಕಿದರು, ಬಟಾಣಿ ಸಿಕ್ಕಿದಳು. ಎಲ್ಲ ಸರದಿಯೂ ನಿನ್ನದೇ ಆಯಿತು. ಇಷ್ಟು ನನಗಿರಲಿ. ಬೈಯುವುದಿದ್ದರೆ ಬೈ.

ನಿನ್ನ ತಂಗಿ


ಮಾರ್ಚ್ ೧೬

ತಂಗೀ,

ಬೈಯುವುದು ಬೇಡ ಅಂತ ಇಷ್ಟು ದಿನ ಸುಮ್ಮನಿದ್ದೆ. ಸಿಟ್ಟಿನಲ್ಲಿ ಒಂದು ದಿನ ಕಾರಿನ ಕ್ಲಚ್ಚು ಒತ್ತುವುದನ್ನೇ ಮರೆತೆ. ಪಕ್ಕದಲ್ಲಿದ್ದ ವಿದ್ಯಾರ್ಥಿ ನನಗೇ ಪಾಠ ಹೇಳಿದ.

ನಿನ್ನ ಭಾವ ಪೊಲೀಸ್ ಕಂಪ್ಲೇಂಟ್ ಕೊಡೋಣ ಅಂದರು. ತಮಾಷೆಗೆ. ನನಗೆ ನಗು ಬರಲಿಲ್ಲ.

ನನ್ನ ತೀರ್ಮಾನ ಕೇಳು. ಅಜ್ಜನ ಪ್ರಾಣಿಗಳನ್ನು ನೀನೇ ಇಟ್ಟುಕೋ. ಬಟಾಣಿಯ ಕೈಯಿಂದ ಇವನ್ನು ಕಿತ್ತುಕೊಳ್ಳಲು ನನ್ನಿಂದಾಗದು, ಕತ್ತೆಯಿಲ್ಲದೆ ಅವಳಿಗೆ ನಿದ್ದೆ ಬರುವುದಿಲ್ಲ. ಮುಳುಗಿದ್ದು ಯಾಕೆ ಅಂತ ಕೇಳಿದ್ದಕ್ಕೆ, ತುಂಬ ಹಳೆಯವು, ವಯಸ್ಸಾದ ಮೇಲೆ ಈಜು ಮರೆತುಹೋಗಿದೆ ಅಂತ ಹೇಳಿದ್ದೇನೆ. ನಂಬಿದ್ದಾಳೆ. ಅವಳ ಪಾಲಿಗೆ ಇವು ಮುತ್ತಜ್ಜನವು. ಹಾಗೇ ಇರಬೇಕು. ನೀನು ಮಾಡಿದ್ದು ಅಂತ ಅವಳಿಗೆ ಯಾವತ್ತೂ ಗೊತ್ತಾಗಕೂಡದು. ನಿನಗೆ ಬೇಕಾದ್ದು ನಿನಗೆ ಸಿಕ್ಕಿತು. ಬಾಯಿ ಮುಚ್ಚಿಕೊಂಡಿರುವುದು ಅದಕ್ಕೆ ಬೆಲೆ.

ಅಕ್ಕ


ಮಾರ್ಚ್ ೨೪

ಅಕ್ಕಾ,

ಒಪ್ಪಿದೆ. ಬಾಯಿಗೆ ಬೀಗ. ಇಷ್ಟು ಸಲೀಸಾಗಿ ಕೊಡುತ್ತೀಯ ಅಂತ ಅಂದುಕೊಂಡಿರಲಿಲ್ಲ. ಇವತ್ತು ರಜೆ ಹಾಕಿ ಮನೆಯಲ್ಲೇ ಕೂತು ಎಲ್ಲವನ್ನೂ ಒರೆಸಿ ಜೋಡಿಸಿದೆ.

ನಿನ್ನ ತಂಗಿ


ಮೇ ೫

ಪ್ರೀತಿಯ ಚಿಕ್ಕಮ್ಮ,

ನಾನು ಚೆನ್ನಾಗಿದೀನಿ. ರಜೆಯಲ್ಲಿ ಯಾರಿಗಾದ್ರೂ ಒಂದು ಕಾಗದ ಬರೀಬೇಕು ಅಂತ ಟೀಚರ್ ಹೇಳಿದಾರೆ. ನಾನು ನಿಂಗೆ ಬರೀತಿದೀನಿ. ಅಮ್ಮಂಗೆ ತೋರಿಸಲ್ಲ. ವಿಳಾಸ ಅಪ್ಪ ಬರೀತಾರೆ.

ನನ್ನ ಪ್ರಾಣಿಗಳೆಲ್ಲ ಚೆನ್ನಾಗಿವೆ. ಸಿಂಹ ಒಂದಿನ ಅಪ್ಪನ ಬೆರಳು ಕಚ್ಚಿತು. ನಾನೇ ಕಚ್ಚಿಸಿದ್ದು. ಮುತ್ತಜ್ಜ ತುಂಬಾ ಜಾಣ. ಒಂಟೆಗೆ ರೆಪ್ಪೆ ಕೂಡ ಮಾಡಿದಾರೆ. ಜಿರಾಫೆ ಚುಕ್ಕೆಗಳಲ್ಲಿ ಒಂದು ಮೋಡದ ತರ ಇದೆ, ಒಂದು ಚಪ್ಪಲಿ ತರ ಇದೆ. ಅಷ್ಟು ಚೆನ್ನಾಗಿ ಮಾಡೋರು ಈಗ ಯಾರೂ ಇಲ್ಲ ಅಲ್ವಾ? ಚಿಕ್ಕಮ್ಮಂಗೂ ಮಾಡಕ್ಕೆ ಬರತ್ತಾ ಅಂತ ಅಮ್ಮನ್ನ ಕೇಳಿದೆ. “ಅವಳಿಗೆ ಬರೀ ಹಲ್ಲು ಮಾಡಕ್ಕೆ ಬರೋದು” ಅಂದ್ಲು. ಬೇಜಾರು ಮಾಡ್ಕೋಬೇಡ. ಹಲ್ಲೂ ಬೇಕಲ್ಲ.

ಇಂತಿ ನಿನ್ನ ಬಟಾಣಿ


ಮೇ ೧೩

ಅಕ್ಕಾ,

ಬಟಾಣಿಯ ಕಾಗದ ಬಂತು. ನೀನು ಓದಿಲ್ಲವಂತೆ. ಒಳ್ಳೆಯದೇ ಆಯಿತು.

ಒಂಟೆಯ ರೆಪ್ಪೆ ಅಜ್ಜ ಮಾಡಿದ್ದಲ್ಲ. ಅಜ್ಜನ ಒಂಟೆಗೆ ರೆಪ್ಪೆಯೇ ಇಲ್ಲ. ಈಗ ನನ್ನ ಎದುರಿಗೇ ಇದೆ, ಬೇಕಾದರೆ ಬಂದು ನೋಡು. ಆ ರೆಪ್ಪೆಯನ್ನು ನಾನು ನನ್ನ ಹಳೆಯ ಬ್ರಷ್ಷಿನ ಕೂದಲು ಕತ್ತರಿಸಿ, ಒಂದೊಂದಾಗಿ, ಉಸಿರು ಬಿಗಿಹಿಡಿದು ಇಟ್ಟಿದ್ದೇನೆ. ಚಪ್ಪಲಿಯ ಹಾಗಿರುವ ಚುಕ್ಕೆಯನ್ನು ಬೇಕೆಂದೇ ಬರೆದೆ, ಯಾರಾದರೂ ಒಬ್ಬರು ಅದನ್ನು ಕಂಡುಹಿಡಿಯಲಿ ಅಂತ. ಅವಳು ಕಂಡುಹಿಡಿದಿದ್ದಾಳೆ, ಹೊಗಳಿಕೆ ಪೂರ್ತಿ ಅಜ್ಜನ ಬುಟ್ಟಿಗೆ ಬೀಳುತ್ತಿದೆ.

ನನಗೆ ಈಗ ಅಜ್ಜನ ಮೇಲೆ ಹೊಟ್ಟೆಕಿಚ್ಚು. ಸತ್ತ ಮನುಷ್ಯನ ಮೇಲೆ! ನಗು ಬಂದರೆ ನಗು. ನಿನ್ನ ಮೇಲಿದ್ದದ್ದಕ್ಕಿಂತ ಇದು ಕೆಟ್ಟದಾಗಿದೆ. ನಿನ್ನ ಮೇಲೆ ಉರಿಯುವಾಗ ಕನಿಷ್ಠ ಜಗಳವಾಡಬಹುದಿತ್ತು. ಬೆಳಿಗ್ಗೆ ಎದ್ದು ಕಿಟಕಿ ಕಡೆ ನೋಡಿದರೆ ಆ ಪ್ರಾಣಿಗಳು ಸಾಲಾಗಿ ನಿಂತಿರುತ್ತವೆ. ಯಾರೂ ಅವನ್ನು ನೋಡಲು ಬರುವುದಿಲ್ಲ, ನನಗೂ ಅವುಗಳ ಜೊತೆ ಮಾಡುವುದಕ್ಕೆ ಏನೂ ಇಲ್ಲ. ಬರೀ ಧೂಳು ಒರೆಸುತ್ತೇನೆ. ಅಲ್ಲಿ ನಿಮ್ಮ ಮನೆಯಲ್ಲಿ ನನ್ನ ಸಿಂಹ ಭಾವನ ಬೆರಳು ಕಚ್ಚುತ್ತಿದೆ.

ಅವಳಿಗೆ ಹೇಳು ಅಕ್ಕಾ. ಕೈಮುಗಿದು ಕೇಳುತ್ತೇನೆ.

ನಿನ್ನ ತಂಗಿ


ಜೂನ್ ೨

ತಂಗೀ,

ಹೇಳುವುದಿಲ್ಲ.

ಹೇಳಿದರೆ ನಾನು ಸುಳ್ಳುಗಾತಿ, ಅಜ್ಜ ಏನೂ ಅಲ್ಲ, ನೀನು ದೊಡ್ಡವಳು. ನನ್ನ ಬಾಲ್ಯದಲ್ಲಿ ಮಗಳಿಗೆ ಕೊಡಬಹುದಾದ ಒಂದೇ ಒಂದು ವಸ್ತು ಇತ್ತು. ಅದನ್ನು ನಿನ್ನ ಕಿಟಕಿಗೆ ಒಯ್ದೆ. ಈಗ ಅದರ ಕಥೆಯನ್ನೂ ಬಿಟ್ಟುಕೊಡು ಅನ್ನುತ್ತೀಯ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಯಾವುದು ಬೇಕು ಅಂತ ಆರಿಸಿಕೋ.

ಅಕ್ಕ


ಜೂನ್ ೩೦

ಮುದ್ದು ಬಟಾಣಿ,

ಈ ಕಾಗದವನ್ನು ಅಮ್ಮನ ಪಕ್ಕದಲ್ಲಿ ಕೂತು, ಜೋರಾಗಿ ಓದು. ಮುಚ್ಚಿಡುವ ಕಾಗದವಲ್ಲ ಇದು.

ಜೊತೆಗಿರುವ ಪೆಟ್ಟಿಗೆಯಲ್ಲಿ ನಿನ್ನ ಮುತ್ತಜ್ಜ ಕೆತ್ತಿ, ಮುತ್ತಜ್ಜಿ ಬಣ್ಣ ಹಚ್ಚಿದ ಪ್ರಾಣಿಗಳಿವೆ. ಇವು ನಿಮ್ಮಮ್ಮನಿಗೆ ನಿನ್ನಷ್ಟೇ ವಯಸ್ಸಿದ್ದಾಗ ಕ್ರಿಸ್‌ಮಸ್‌ಗೆ ಬಂದವು. ನಿಮ್ಮಮ್ಮ ನಿನಗೆ ಇವನ್ನೇ ಕೊಡಬೇಕೆಂದು ನನಗೆ ಕಳಿಸಿದ್ದಳು. ನಾನು ಇವನ್ನು ಇಟ್ಟುಕೊಂಡು ಬೇರೆ ಮಾಡಿ ಕಳಿಸಿದೆ. ನಿಮ್ಮಮ್ಮನಿಗೆ ಅದು ಗೊತ್ತಿರಲಿಲ್ಲ. ಗೊತ್ತಾದ ಮೇಲೂ ನನ್ನನ್ನು ಬಿಟ್ಟುಕೊಡಲಿಲ್ಲ. ಹಾಗಾಗಿ ಅವಳ ಮೇಲೆ ಸಿಟ್ಟಾಗಬೇಡ.

ನಿನ್ನ ಕೈಯಲ್ಲಿರುವ ಕತ್ತೆ, ಒಂಟೆ, ಆನೆ, ಎಲ್ಲವನ್ನೂ ಮಾಡಿದ್ದು ನಾನು. ಸುಳ್ಳು ಹೇಳುವುದಿಲ್ಲ, ಅವನ್ನು ನಿನಗೋಸ್ಕರ ಅಂತ ಶುರು ಮಾಡಲಿಲ್ಲ. ನಿಮ್ಮಮ್ಮನಿಗೆ ಟೋಪಿ ಹಾಕಲು ಶುರು ಮಾಡಿದೆ. ಆದರೆ ಸಿಂಹಕ್ಕೆ ಹಲ್ಲು ಜೋಡಿಸುವ ಹೊತ್ತಿಗೆ, ಬಟಾಣಿ ಇದರ ಬಾಯಿಗೆ ಬೆರಳಿಡುತ್ತಾಳಾ ಇಲ್ಲವಾ ಅಂತ ಅದೊಂದೇ ಯೋಚನೆ ಇತ್ತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು. ಮುತ್ತಜ್ಜನದು ಚೆನ್ನಾಗಿದೆಯೋ ನನ್ನದೋ ಹೇಳು. ನನಗೆ ಬೇಜಾರಾಗುತ್ತದೆ ಅಂತ ಸುಳ್ಳು ಬರೆಯಬೇಡ. ಬೇಜಾರು ಆಗೇ ಆಗುತ್ತದೆ, ಆದರೂ ಬರೆ.

ನಿನ್ನ ಚಿಕ್ಕಮ್ಮ


ಜುಲೈ ೧೯

ತಂಗೀ,

ನಿನ್ನ ಕಾಗದವನ್ನು ಬಟಾಣಿ ಅಡುಗೆಮನೆಯಲ್ಲಿ ನಿಂತು ಓದಿದಳು. ಕೆಲವು ಪದಗಳಿಗೆ ತಡವರಿಸಿದಳು, ನಾನು ಸಹಾಯ ಮಾಡಬೇಕಾಯಿತು. ‘ಟೋಪಿ ಹಾಕಲು’ ಅಂತ ಬಂದಾಗ ಯಾವ ಟೋಪಿ ಅಂತ ಕೇಳಿದಳು. ನಿನ್ನ ಭಾವ ಎದ್ದು ಹೊರಗೆ ಹೋದರು, ನಗು ತಡೆಯಲಾಗದೆ.

ಓದಿ ಮುಗಿದ ಮೇಲೆ ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಳು. “ಹಾಗಾದ್ರೆ ಈಜು ಮರೆತಿದ್ದು ಸುಳ್ಳಾ?” ಅಂದಳು. ಹೌದು ಅಂದೆ. ಆಮೇಲೆ ಪೆಟ್ಟಿಗೆ ಬಿಚ್ಚಿ ಎರಡೂ ಗುಂಪನ್ನು ನೆಲದ ಮೇಲೆ ಜೋಡಿಸಿದಳು. ನೀನು ಕೇಳಿದ ಪ್ರಶ್ನೆಗೆ ಅವಳ ಉತ್ತರ ಹೀಗಿದೆ, ಅವಳ ಮಾತಲ್ಲೇ ಬರೆಯುತ್ತೇನೆ: “ಮುತ್ತಜ್ಜಂದು ಹಗುರ ಇದೆ, ಪಾಪ. ಚಿಕ್ಕಮ್ಮಂದು ಕಚ್ಚತ್ತೆ.” ಇದರಲ್ಲಿ ಯಾರು ಗೆದ್ದರು ಅಂತ ನೀನೇ ಲೆಕ್ಕ ಹಾಕಿಕೋ.

ಈಗ ನನ್ನ ವಿಷಯ. ನಿನ್ನ ಮೇಲೆ ಸಿಟ್ಟು ಪೂರ್ತಿ ಹೋಗಿಲ್ಲ. ಅಜ್ಜನವು ವಾಪಸು ಬಂದಾಗ ಎತ್ತಿ ಎದೆಗೆ ಒತ್ತಿಕೊಳ್ಳುತ್ತೇನೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ನಿಜ ಹೇಳಲಾ? ಅಜ್ಜ ಅದನ್ನು ಮಾಡುವಾಗ ನನಗೆ ಏನು ಇಷ್ಟ ಅಂತ ಯೋಚಿಸಿ ಮಾಡಿದನೋ, ಯಾರ ಸರದಿಯಾದರೂ ಅದನ್ನೇ ಮಾಡುತ್ತಿದ್ದನೋ ಅಂತ ನನಗೆ ಚಿಕ್ಕಂದಿನಿಂದ ಅನುಮಾನ. ನಿನ್ನನ್ನು ಮಾತ್ರ ಏನು ಬೇಕು ಅಂತ ಕೇಳಿದ್ದ ನೋಡು. ನನ್ನನ್ನು ಕೇಳಿರಲಿಲ್ಲ. ಹಾಗಾಗಿಯೇ ಅದನ್ನು ಮೇಲಿಟ್ಟು ಕಾವಲು ಕಾದೆ.

ನಿನ್ನೆ ಸಂಜೆ ಡ್ರೈವಿಂಗ್ ಶಾಲೆಯಿಂದ ಬಂದೆ. ಬಟಾಣಿ ಮೆಟ್ಟಿಲ ಮೇಲೆ ಪಕ್ಕದ ಮನೆಯ ಮಕ್ಕಳನ್ನೆಲ್ಲ ಕೂರಿಸಿಕೊಂಡಿದ್ದಳು. ಜಿರಾಫೆಯನ್ನು ಎತ್ತಿ ಹಿಡಿದು, “ಇದನ್ನ ನಮ್ಮ ಚಿಕ್ಕಮ್ಮ ಮಾಡಿದ್ದು. ಮಾಡುವಾಗ ಪೂರ್ತಿ ನನ್ನನ್ನೇ ನೆನೆಸ್ಕೋತಿದ್ರಂತೆ. ಕಾಗದದಲ್ಲಿ ಬರ್ದಿದಾರೆ” ಅನ್ನುತ್ತಿದ್ದಳು. ನೀನು ಬರೆದದ್ದು ಅಷ್ಟಲ್ಲ, ಅವಳು ಬೆಳೆಸಿಕೊಂಡಿದ್ದಾಳೆ. ನಾನು ಕಾರಿನ ಕೀಲಿ ಹಿಡಿದುಕೊಂಡು ಗೇಟಿನ ಹತ್ತಿರ ಹಾಗೇ ನಿಂತೆ. ನನಗೆ ಹೊಟ್ಟೆಕಿಚ್ಚಾಯಿತು ಕಣೇ. ನನ್ನ ಹೊಟ್ಟೆಯಲ್ಲೇ ಹುಟ್ಟಿದ ಮಗುವಿನ ಮೇಲೆ.

ರಾತ್ರಿ ಊಟಕ್ಕೆ ಕೂತಾಗ ಅವಳೇ ಕೇಳಿದಳು, “ಅಮ್ಮಾ, ಚಿಕ್ಕಮ್ಮ ನಿಂಗೆ ಯಾವತ್ತಾದ್ರೂ ಏನಾದ್ರೂ ಮಾಡಿಕೊಟ್ಟಿದಾರಾ?” ಇಲ್ಲ ಅಂದೆ. “ಯಾಕೆ?” ಅಂದಳು. ನಾನು ಯಾವತ್ತೂ ಕೇಳಿಲ್ಲ ಅಂದೆ.

ಈಗ ಕೇಳುತ್ತಿದ್ದೇನೆ. ಈ ಕ್ರಿಸ್‌ಮಸ್‌ಗೆ ನನಗೂ ಏನಾದರೂ ಮಾಡಿಕೊಡು. ಚಿಕ್ಕದಾದರೂ ಸರಿ.

ನಿನ್ನ ಅಕ್ಕ